ಕಪ್ಪುಕುಳಿಯ ಮಗ್ಗುಲಲ್ಲಿ ತೊಟ್ಟಿಲು

ಪಕ್ಕದ ಮನೆಯಲ್ಲಿ ಎಳೆಗೂಸು ಇದೆಯೇ ಎಂದು ತಿಳಿಯಲು ಒಳಗೆ ಹೋಗಬೇಕಾಗಿಲ್ಲ. ಹಿತ್ತಲ ಹಗ್ಗದ ಮೇಲೆ ಕುಲಾವಿ, ಅಂಗೈ ಅಗಲದ ಅಂಗಿ ಒಣಗುತ್ತಿದ್ದರೆ ಸಾಕು, ಅಜ್ಜಿಗೆ ಗೊತ್ತಾಗಿಬಿಡುತ್ತದೆ. ನಕ್ಷತ್ರಗಳ ಲೋಕದಲ್ಲಿ ಆ ಕುಲಾವಿ ಎಂದರೆ ನೀಲಿ ಬೆಳಕು.

ಹೇಗೆ ಅಂತೀರಾ? ನಮ್ಮ ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ. ಹೆಚ್ಚುಕಡಿಮೆ ಇನ್ನೂ ಅಷ್ಟೇ ಕಾಲ ನಿಧಾನವಾಗಿ ಉರಿಯುತ್ತಾನೆ. ಅವನಿಗಿಂತ ಇಪ್ಪತ್ತು ಪಟ್ಟು ತೂಕದ ನಕ್ಷತ್ರ ಮಾತ್ರ ಮಹಾ ದುಂದುಗಾರ. ನೀಲಿಯಾಗಿ ಧಗಧಗಿಸಿ ಸುಮಾರು ಒಂದು ಕೋಟಿ ವರ್ಷದಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಇಂಥ ನೀಲಿ ನಕ್ಷತ್ರಗಳು ಕಂಡ ಕಡೆ ಇತ್ತೀಚೆಗೆ ಹೆರಿಗೆಯಾಗಿದೆ ಎಂದೇ ಅರ್ಥ. ಖಗೋಳವಿಜ್ಞಾನಿಗಳ 'ಇತ್ತೀಚೆಗೆ' ಎಂದರೆ ಕೆಲವು ಲಕ್ಷ ವರ್ಷವೂ ಆಗಬಹುದು, ಕೋಟಿಯೂ ಆಗಬಹುದು!

ಈಗ ತಿಮಿಂಗಿಲ ನಕ್ಷತ್ರಪುಂಜದ ಕಡೆ ನೋಡೋಣ. ಅಲ್ಲಿ ಸುಮಾರು 4.7 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎಂ 77 ಎಂಬ ಗ್ಯಾಲಕ್ಸಿ ಇದೆ. 1780ರಲ್ಲಿ ಅದನ್ನು ಮೊದಲು ಕಂಡವರು ಫ್ರಾನ್ಸಿನ ಪಿಯರ್ ಮೆಶೇನ್. ಇಂಥ ಕೆಲವು ಗ್ಯಾಲಕ್ಸಿಗಳ ನಟ್ಟನಡುವೆ ಅತಿ ಪ್ರಕಾಶದ ಚುಕ್ಕೆಯಿದೆ, ಅಲ್ಲಿ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದು 1943ರಲ್ಲಿ ಅಮೆರಿಕದ ಕಾರ್ಲ್ ಸೇಫರ್ಟ್ ತೋರಿಸಿದರು. ಕಾರಣ, ನಡುವೆ ಕೂತಿರುವ ದೈತ್ಯ ಕಪ್ಪುಕುಳಿ. ಕಪ್ಪುಕುಳಿಯಿಂದ ಬೆಳಕು ಹೊರಬರುವುದಿಲ್ಲ, ನಿಜ. ಆದರೆ ಅದರೊಳಗೆ ಬೀಳುವ ಮೊದಲು ಅನಿಲ ಗಿರಗಿರನೆ ಸುತ್ತುತ್ತಾ ಕಾದು ಹೊಳೆಯುತ್ತದೆ.

ಇಂಥ ಹೊಟ್ಟೆಬಾಕನ ಸಮೀಪ ಹಸುಗೂಸುಗಳು ಇರುತ್ತವೆಯೇ? ಇವೆ. ಎಂ 77ರ ನಡುವಿನಿಂದ ಕೆಲವು ಸಾವಿರ ಜ್ಯೋತಿರ್ವರ್ಷ ಆಚೆ, ಎಳೆಯ ನಕ್ಷತ್ರಗಳ ಉಂಗುರವೇ ಇದೆ. ಈ ಗ್ಯಾಲಕ್ಸಿಯ ಒಳಭಾಗದಲ್ಲಿ ನಕ್ಷತ್ರಗಳು ಪೂರ್ತಿ ದುಂಡಗೆ ಹರಡಿಲ್ಲ, ಉದ್ದನೆಯ ಪಟ್ಟಿಯಂತೆ ಸೇರಿವೆ. ಅದರ ಎಳೆತಕ್ಕೆ ಸಿಕ್ಕಿದ ಅನಿಲ ಉಂಗುರದಲ್ಲಿ ಬಂದು ಜಮಾಯಿಸುತ್ತದೆ, ಒತ್ತಾಗುತ್ತದೆ, ಕುಸಿದು ನಕ್ಷತ್ರಗಳಾಗುತ್ತದೆ. ಸ್ವಲ್ಪ ಅನಿಲ ಇನ್ನೂ ಒಳಗೆ ಜಾರಿ ಕಪ್ಪುಕುಳಿಯ ಊಟವಾಗುತ್ತದೆ. ಒಂದೇ ಉಗ್ರಾಣ, ಉಣ್ಣುವವರು ಇಬ್ಬರು.

ಕಷ್ಟ ಇರುವುದು ಬೆಳಕನ್ನು ಬೇರ್ಪಡಿಸುವುದರಲ್ಲಿ. ಸುತ್ತಲಿನ ಅನಿಲವನ್ನು ಎಳೆಯ ನಕ್ಷತ್ರಗಳೂ ಬೆಳಗಿಸುತ್ತವೆ, ನಡುವಿನ ಚುಕ್ಕೆಯೂ ಬೆಳಗಿಸುತ್ತದೆ. ಯಾವುದು ಯಾರದು? ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ನೋಡಿದರೆ ಗುಟ್ಟು ಹೊರಬರುತ್ತದೆ. ಎಳೆಯ ನಕ್ಷತ್ರಗಳ ಸುತ್ತ ಜಲಜನಕದ ಕೆಂಪು ಗೆರೆ ಎದ್ದು ಕಾಣುತ್ತದೆ. ಕಪ್ಪುಕುಳಿಯ ಕಡೆಯ ಬೆಳಕು ಇನ್ನೂ ತೀಕ್ಷ್ಣ. ಅದು ತಾಗಿದ ಅನಿಲದಲ್ಲಿ ಜಲಜನಕದ ಗೆರೆಗಿಂತ ಆಮ್ಲಜನಕದ ಹಸಿರು ಗೆರೆ ಬಹಳ ಜೋರಾಗುತ್ತದೆ. ಗೆರೆಗಳನ್ನು ತೂಗಿ ನೋಡಿ ಲೆಕ್ಕ ಹಾಕುತ್ತಾರೆ. ನನಗಂತೂ ಇದು ಪತ್ತೇದಾರಿ ಕಥೆಗಿಂತ ರುಚಿ.

ಎಳೆಯ ನಕ್ಷತ್ರಗಳ ನೇರಳಾತೀತ ಬೆಳಕನ್ನು ಬಹುಪಾಲು ನಮ್ಮ ವಾಯುಮಂಡಲವೇ ತಡೆಯುತ್ತದೆ. ಅದನ್ನು ಹಿಡಿಯಲೆಂದೇ ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಒಂದು ದೂರದರ್ಶಕ ಸಿದ್ಧವಾಗಿ, 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಮೇಲೇರಿತು.

ಹಾಗಾದರೆ ಕಪ್ಪುಕುಳಿ ಈ ಕೂಸುಗಳ ಶತ್ರುವೋ, ಸೂಲಗಿತ್ತಿಯೋ? ಅದರ ಸುತ್ತಲಿಂದ ಹೊಮ್ಮುವ ಬಿರುಗಾಳಿ ಅನಿಲವನ್ನು ಗುಡಿಸಿಹಾಕಿದರೆ ಹೆರಿಗೆ ನಿಂತೇಹೋಗುತ್ತದೆ. ಅದೇ ಗಾಳಿ ಇನ್ನೊಂದು ಕಡೆ ಅನಿಲವನ್ನು ಒತ್ತಿ ಹೊಸ ನಕ್ಷತ್ರ ಹುಟ್ಟಿಸಲೂಬಹುದು. ಯಾವುದರ ಪಾಲು ಹೆಚ್ಚು ಎಂದು ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ.

ಇನ್ನೊಂದು ವಿಚಿತ್ರ. ನಾವು ಇವತ್ತು ನೋಡುವ ಬೆಳಕು 4.7 ಕೋಟಿ ವರ್ಷ ಹಳೆಯದು. ಆ ದುಂದುಗಾರ ನೀಲಿ ಕೂಸುಗಳೆಲ್ಲ ಈಗಾಗಲೇ ಸಿಡಿದು ಮುಗಿದಿವೆ. ಕುಲಾವಿ ಮಾತ್ರ ಇನ್ನೂ ಹಗ್ಗದ ಮೇಲಿದೆ.

ಡಿಸೆಂಬರ್ ನಡುವಿನಲ್ಲಿ, ರಾತ್ರಿ ಒಂಬತ್ತರ ಸುಮಾರಿಗೆ, ತಿಮಿಂಗಿಲದ ಡೆಲ್ಟಾ ನಕ್ಷತ್ರ ನಮ್ಮ ನೆತ್ತಿಯಿಂದ ತುಸು ದಕ್ಷಿಣಕ್ಕಿರುತ್ತದೆ. ಶಾಲೆಯಲ್ಲಿ ಪುಟ್ಟ ದೂರದರ್ಶಕವಿದ್ದರೆ ಅದರ ಪಕ್ಕದಲ್ಲೇ ಹುಡುಕಿ. ಕತ್ತಲೆ ಚೆನ್ನಾಗಿದ್ದರೆ ಮಸುಕಾದ ಬಿಳಿ ಮಚ್ಚೆಯೊಂದು ಕಾಣುತ್ತದೆ. ಅಜ್ಜನಿಗೂ ತೋರಿಸಿ, ಕನ್ನಡಕ ತರಲು ಮರೆಯದಿರಲಿ.