ಚಾರ್ಟನ್ನೂ ಸ್ವಲ್ಪ ‘ಅಡ್ಜಸ್ಟ್’ ಮಾಡ್ಕೊಳ್ರಿ!

‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ ಎಂಬ ಮಾತನ್ನು ಮದುವೆಯಾದಂದಿನಿಂದ ಕೇಳದ ಗೃಹಿಣಿ ಯಾರಾದರೂ ಇದ್ದೀರಾ? ನಳದ ನೀರು ಬರುವ ಹೊತ್ತಿಗೆ ನಿದ್ದೆ ಅಡ್ಜಸ್ಟ್, ಮಕ್ಕಳ ಪರೀಕ್ಷೆಗೆ ತವರಿನ ಪ್ರಯಾಣ ಅಡ್ಜಸ್ಟ್, ಬೀಗರು ಬಂದರಂತೂ ಎಲ್ಲವೂ ಅಡ್ಜಸ್ಟ್! ಇಷ್ಟೆಲ್ಲ ಬಲ್ಲ ನಾವು, ನಮಗಾಗಿ ಹಾಕಿಕೊಂಡ ಒಂದು ವೇಳಾಪಟ್ಟಿಯನ್ನು ಮಾತ್ರ ವ್ರತದಂತೆ ಹಿಡಿಯುತ್ತೇವೆ. ಒಂದು ದಿನ ತಪ್ಪಿದರೆ ಪಾಪ ಸುತ್ತಿಕೊಂಡವರಂತೆ ಒದ್ದಾಡುತ್ತೇವೆ. ಇಲ್ಲವೇ ಇಡೀ ವ್ರತವನ್ನೇ ಬಿಟ್ಟುಬಿಡುತ್ತೇವೆ.

ಗೋಕುಲ ರಸ್ತೆಯ ನಮ್ಮ ಓಣಿಯಲ್ಲಿ ಎದುರುಮನೆಯ ವೈನಿ ಹೋದ ವರ್ಷ ಮಾಡಿದ್ದೂ ಇದನ್ನೇ. ವಯಸ್ಸು 42, ಇಬ್ಬರು ಮಕ್ಕಳು. ಮೈತೂಕ ಇಳಿಸಲೆಂದು ಜಿಮ್‌ಗೆ ಹೋದವರು ತೂಕ ಎತ್ತುವ ಹುಚ್ಚು ಹತ್ತಿಸಿಕೊಂಡು ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೆಸರು ಕೊಟ್ಟುಬಂದರು. ಹುಬ್ಬೇರಿಸಬೇಡಿ! ಈ ಕ್ರೀಡೆಯಲ್ಲಿ 40 ತುಂಬಿದವರಿಗೆ ಮಾಸ್ಟರ್ಸ್ ಎಂಬ ಬೇರೆ ವಿಭಾಗವಿದೆ, 70 ತುಂಬಿದವರಿಗೂ ಇದೆ. ಮೀರಾಬಾಯಿ ಚಾನು ತಲೆಯ ಮೇಲಕ್ಕೆ ಎತ್ತುತ್ತಾರಲ್ಲ, ಅದು ವೇಟ್‌ಲಿಫ್ಟಿಂಗ್. ಇದು ಬೇರೆ. ಬಾರ್ ಹೆಗಲ ಮೇಲಿಟ್ಟು ಕುಳಿತೇಳುವ ಸ್ಕ್ವಾಟ್, ಮಲಗಿ ಎತ್ತುವ ಬೆಂಚ್ ಪ್ರೆಸ್, ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಈ ಮೂರೇ. ಒಂದೊಂದಕ್ಕೂ ಮೂರು ಅವಕಾಶ. ಮೂರರಲ್ಲೂ ಎತ್ತಿದ ಅತಿ ಹೆಚ್ಚಿನ ತೂಕಗಳನ್ನು ಕೂಡಿಸಿ ಒಟ್ಟು ಲೆಕ್ಕ.

ಕೋಚ್ 12 ವಾರಗಳ ಚಾರ್ಟ್ ಬರೆದುಕೊಟ್ಟರು. ವೈನಿ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು. ಶುರುವಿನ ವಾರಗಳಲ್ಲಿ ಕಡಿಮೆ ತೂಕ, ಹೆಚ್ಚು ಸಲ. ಸ್ಪರ್ಧೆ ಹತ್ತಿರ ಬಂದಂತೆ ಹೆಚ್ಚು ತೂಕ, ಕಡಿಮೆ ಸಲ. ಎಲ್ಲ ಚಾರ್ಟ್‌ಗಳ ಗುಟ್ಟೂ ಹೆಚ್ಚುಕಡಿಮೆ ಇದೇ. ಆದರೆ ಅದರಲ್ಲಿರುವ ಅಂಕಿಗಳೆಲ್ಲ ನೀವು ಒಮ್ಮೆ ಎತ್ತಬಲ್ಲ ಗರಿಷ್ಠ ತೂಕದ ಶೇಕಡಾವಾರು ಲೆಕ್ಕ. ವೈನಿ ಸ್ಕ್ವಾಟ್‌ನಲ್ಲಿ 70 ಕೆಜಿ ಎತ್ತಿದ್ದು ಯಾವಾಗ ಗೊತ್ತೇ? ಬೇಸಿಗೆ ರಜೆಯಲ್ಲಿ, ಮಕ್ಕಳು ಅಜ್ಜಿ ಮನೆಗೆ ಹೋಗಿದ್ದಾಗ, ಎಂಟು ತಾಸು ನಿದ್ದೆ ಮಾಡಿ! ಶಾಲೆ ಶುರುವಾದ ಮೇಲೆ ಅದೇ ಮೈಗೆ ಅದು 63 ಕೆಜಿ ಎಂದು ಹಿಡಿದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಗರಿಷ್ಠದಲ್ಲಿ ಹತ್ತನೇ ಒಂದು ಭಾಗ ಕಳೆದು ಲೆಕ್ಕ ಹಾಕಿ ಎಂದು ನಾನು ಹೇಳುವುದು ಅದಕ್ಕೇ.

ಏಳನೇ ವಾರ ಅತ್ತೆಯವರಿಗೆ ಕಣ್ಣಿನ ಪೊರೆಯ ಆಪರೇಷನ್. ಎರಡು ದಿನದ ಅಭ್ಯಾಸ ತಪ್ಪಿತು. ಮುಂದಿನ ಗುರುವಾರ ವೈನಿ ಎರಡೂ ವಾರದ ಡೆಡ್‌ಲಿಫ್ಟ್ ಒಂದೇ ಸಂಜೆ ಮುಗಿಸಲು ಹೋದರು. ಸೊಂಟ ಹಿಡಿದುಕೊಂಡಿತು. ಮೂರು ದಿನ ಹಾಸಿಗೆ. ‘ಬ್ಯಾಡವ್ವಾ ಅಂದ್ರ ಕೇಳಲಿಲ್ಲ ನೀ’ ಎಂದು ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡೇ ಬೈದರಂತೆ.

ತಪ್ಪಿದ ದಿನ ಸಾಲವಲ್ಲ ನೋಡಿ, ಬಡ್ಡಿ ಸಮೇತ ತೀರಿಸಲು. ಒಂದೆರಡು ದಿನ ತಪ್ಪಿದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಇಡೀ ವಾರ ತಪ್ಪಿದರೆ ಒಂದು ವಾರ ಹಿಂದಕ್ಕೆ ಬಂದು, ತೂಕ ಇಳಿಸಿ ಶುರುಮಾಡಿ. ಅರ್ಧ ತಾಸಷ್ಟೇ ಸಿಕ್ಕಿತೇ? ಆ ದಿನದ ಮುಖ್ಯ ಲಿಫ್ಟ್ ಮಾಡಿ, ಉಳಿದ ಚಿಲ್ಲರೆ ವ್ಯಾಯಾಮ ಕೈಬಿಡಿ. ರಾತ್ರಿಯೆಲ್ಲ ಮಗುವಿನ ಜ್ವರಕ್ಕೆ ಎದ್ದು ಕೂತಿದ್ದರೆ ಮರುದಿನ ತೂಕ ಹತ್ತು ಪರ್ಸೆಂಟ್ ಇಳಿಸಿ, ಇನ್ನೂ ಎರಡು ಸಲ ಎತ್ತುವ ತ್ರಾಣ ಇರುವಾಗಲೇ ಬಾರ್ ಕೆಳಗಿಡಿ. ಶ್ರಾವಣ ಸೋಮವಾರ ಉಪವಾಸವಿದ್ದರೆ ಭಾರದ ದಿನವನ್ನು ಬುಧವಾರಕ್ಕೆ ತಳ್ಳಿ, ದೇವರೇನೂ ಬೇಡ ಅನ್ನುವುದಿಲ್ಲ! ಆದರೆ ನೋವು ಕಾಲಿಗೆ ಇಳಿಯುತ್ತಿದ್ದರೆ, ಎತ್ತುವಾಗ ಮೂತ್ರ ಜಿನುಗುತ್ತಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಬೇಡಿ. ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ನೋಡಿಸಿಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಸುಸ್ತಿಗೆ ಚಾರ್ಟನ್ನು ಬೈದು ಏನು ಪ್ರಯೋಜನ?

ಇನ್ನು ‘ಆ ದಿನಗಳ’ ಮಾತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ (ಅದು ನಡೆದದ್ದು 2021ರಲ್ಲಿ) 202 ಕೆಜಿ ಎತ್ತಿ ಬೆಳ್ಳಿ ಗೆದ್ದ ಮೀರಾಬಾಯಿ, 2024ರ ಪ್ಯಾರಿಸ್‌ನಲ್ಲಿ 199 ಕೆಜಿ ಎತ್ತಿ ಒಂದೇ ಕೆಜಿಯಲ್ಲಿ ಕಂಚು ಕಳೆದುಕೊಂಡರು. ಮುಟ್ಟಿನ ಮೂರನೇ ದಿನ, ಸ್ವಲ್ಪ ನಿಶ್ಶಕ್ತಿ ಇತ್ತು ಎಂದು ಪತ್ರಕರ್ತರ ಎದುರೇ ಹೇಳಿದರು. ಅಂಥವರೇ ಹೇಳಿದ ಮೇಲೆ ನಮಗೇನು ಸಂಕೋಚ? ಕೆಲವರಿಗೆ ಆ ದಿನಗಳಲ್ಲಿ ಏನೂ ಅನಿಸುವುದಿಲ್ಲ, ಕೆಲವರಿಗೆ ಮಂಚ ಬಿಟ್ಟು ಏಳಲಾಗದು. ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದರೆ ನಿಮ್ಮ ಮೈಯ ರೀತಿ ನಿಮಗೇ ತಿಳಿಯುತ್ತದೆ. ಆ ವಾರ ಹಗುರ ಇರುವಂತೆ ಚಾರ್ಟ್ ಜರುಗಿಸಲು ಕೋಚ್‌ಗೆ ಹೇಳಿ. ಗಂಡಸರಾದರೂ ಹೇಳಿ.

ಕೊನೆಯ ಎರಡು ವಾರಗಳಲ್ಲಿ ಯಾರೂ ಬಲಶಾಲಿಗಳಾಗುವುದಿಲ್ಲ, ದಣಿವು ಇಳಿಯುತ್ತದೆ ಅಷ್ಟೇ. ಭಾರದ ಡೆಡ್‌ಲಿಫ್ಟ್ ಹತ್ತು ಹದಿನೈದು ದಿನ ಮೊದಲೇ ಮುಗಿಸಿ, ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಆಗ ಕೈ ಸುಮ್ಮನಿರುವುದಿಲ್ಲ, ‘ಒಂದು ಸಲ ನೋಡೇಬಿಡೋಣ’ ಅನಿಸುತ್ತದೆ. ಬೇಡ! ಆ ಹೊತ್ತನ್ನು ನಿಯಮ ಕಲಿಯಲು ಬಳಸಿ. ಸ್ಕ್ವಾಟ್‌ನಲ್ಲಿ ತೊಡೆಯ ಬುಡ ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗಿಳಿಯಬೇಕು. ಬೆಂಚ್‌ನಲ್ಲಿ ಬಾರ್ ಎದೆಯ ಮೇಲೆ ನಿಂತು, ರೆಫರಿ ‘ಪ್ರೆಸ್’ ಅಂದ ಮೇಲೆಯೇ ಏಳಬೇಕು. ಮನೆಹತ್ತಿರದ ಜಿಮ್ಮಿನಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ?

ವೈನಿಯ ಮೈತೂಕ 64 ಕೆಜಿ. ಒಂದು ಕೆಜಿ ಇಳಿಸಿದರೆ 63ರ ವರ್ಗಕ್ಕೆ ಸೇರಬಹುದೆಂದು ನೀರು, ಊಟ ಬಿಡಲು ಹೊರಟಿದ್ದರು. ಮೊದಲ ಸ್ಪರ್ಧೆಗೆ ಅದರ ಗೊಡವೆಯೇ ಬೇಡ, 69ರ ವರ್ಗದಲ್ಲಿ ನಿಲ್ಲಿ ಎಂದು ಕೋಚ್ ತಡೆದರು. ಒಳ್ಳೆಯದೇ ಆಯಿತು. ತೂಕ ನೋಡಿದ ಮೇಲೆ ಸ್ಪರ್ಧೆಗೆ ಹೆಚ್ಚೆಂದರೆ ಎರಡು ತಾಸು ಸಮಯವಿರುತ್ತದೆ. ಮನೆಯ ಅವಲಕ್ಕಿ, ಬಾಳೆಹಣ್ಣು ಸಾಕು. ಗಿರ್ಮಿಟ್-ಮಿರ್ಚಿ ಸಂಜೆಗಿರಲಿ.

ಮೊದಲ ಯತ್ನಕ್ಕೆ ಯಾವ ಕೆಟ್ಟ ದಿನವೂ ಮೂರು ಸಲ ಎತ್ತಬಲ್ಲ ತೂಕ ಕೇಳಬೇಕು. ಒಮ್ಮೆ ಕೇಳಿದ ತೂಕವನ್ನು ಮುಂದಿನ ಯತ್ನದಲ್ಲಿ ಇಳಿಸುವಂತಿಲ್ಲ. ಮೂರೂ ಸಲ ಸೋತರೆ ಒಟ್ಟು ಲೆಕ್ಕದಿಂದಲೇ ಹೊರಗೆ. ವೈನಿ ಸ್ಕ್ವಾಟ್‌ಗೆ 62.5 ಕೇಳಿದರು, ಬಿಳಿ ದೀಪ. 67.5, ಮತ್ತೆ ಬಿಳಿ. 72.5ಕ್ಕೆ ಕುಳಿತವರು ಏಳಲಿಲ್ಲ. ಬೆಂಚ್‌ನಲ್ಲಿ 32.5. ಸೊಂಟದ ನೆನಪಿಗೆ ಡೆಡ್‌ಲಿಫ್ಟ್ 75ರಿಂದಲೇ ಶುರುಮಾಡಿ 85ಕ್ಕೆ ನಿಲ್ಲಿಸಿದರು. ಅಭ್ಯಾಸದಲ್ಲಿ 90 ಎತ್ತಿದವರು! ಒಟ್ಟು 185. ಪದಕ ಬರಲಿಲ್ಲ.

ಮೊನ್ನೆ ಹೊಸ ಚಾರ್ಟ್ ಬಂದಿದೆ. ಫ್ರಿಜ್ಜಿಗೆ ಅಂಟಿಸುವ ಮೊದಲು ಕ್ಯಾಲೆಂಡರ್ ಪಕ್ಕಕ್ಕಿಟ್ಟುಕೊಂಡು ಮಕ್ಕಳ ಪರೀಕ್ಷೆ, ತಮ್ಮ ತಾರೀಖು, ಶಿವರಾತ್ರಿಗೆ ಬರುವ ಸಿದ್ಧಾರೂಢರ ಜಾತ್ರೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಒಳಗಿನಿಂದ ಅತ್ತೆಯವರ ದನಿ ಬಂತು: ‘ನಂದು ಇನ್ನೊಂದ್ ಕಣ್ಣಿನ ಆಪರೇಷನ್ ಐತಿ, ಅದನ್ನೂ ಬರ್ಕೋಳವ್ವಾ!’