ಉಣುಗಿನ ನಾಡಿನಲ್ಲಿ ಡ್ರಾಕುಲಾ

ಸಿನಿಮಾ ನೋಡಿದ ಮೇಲೆ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯನ್ನು ಕೈಗೆತ್ತಿಕೊಂಡವರಿಗೆ ಮೊದಲು ಆಗುವುದು ನಿರಾಸೆ. ಬಿಸಿಲು ಸೋಕಿದೊಡನೆ ಉರಿದು ಬೂದಿಯಾಗುವ ಪಿಶಾಚಿ ಅಲ್ಲಿ ಸಿಗುವುದಿಲ್ಲ. ಕಾದಂಬರಿಯ ಕೌಂಟ್ ಹಾಡಹಗಲಲ್ಲೇ ಲಂಡನ್ನಿನ ಪಿಕಾಡಿಲಿ ಬೀದಿಯಲ್ಲಿ ನಿಂತು ಹುಡುಗಿಯೊಬ್ಬಳನ್ನು ದಿಟ್ಟಿಸುತ್ತಾನೆ. ಮೊದಲ ಭೇಟಿಯಲ್ಲಿ ಅವನು ಬಿಳಿ ಮೀಸೆಯ ಮುದುಕ. ಆಳುಗಳಿಲ್ಲದ ಕೋಟೆಯಲ್ಲಿ ಅತಿಥಿಗೆ ತಾನೇ ಊಟ ಅಣಿ ಮಾಡುತ್ತಾನೆ, ತಾನೇ ಹಾಸಿಗೆ ಹಾಸುತ್ತಾನೆ. ಕೊನೆಯಲ್ಲಿ ಅವನ ಎದೆಗೆ ಮರದ ಗೂಟವನ್ನೂ ಯಾರೂ ಹೊಡೆಯುವುದಿಲ್ಲ. ಕೊರಳಿಗೆ ಗೂರ್ಖಾಗಳ ಕುಕ್ರಿ, ಎದೆಗೆ ಅಮೆರಿಕದವನೊಬ್ಬನ ಚೂರಿ, ಅಷ್ಟೇ. ಬಿಸಿಲಿಗೆ ಸಾಯುವ ಉಪಾಯ ಬಂದದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನಿಂದ.

ಹೀಗಾಗಿ ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರೊಬ್ಬರು ಪುಸ್ತಕ ಮುಗಿಸಿ ‘ಇದರಲ್ಲಿ ಹೆದರುವಂಥದ್ದು ಏನಿದೆ’ ಎಂದು ಕೇಳಿದರೆ ತಪ್ಪಿಲ್ಲ. ಆದರೆ ಪ್ರಶ್ನೆ ಅಲ್ಲಿಗೇ ನಿಲ್ಲಬಾರದು. ಕನ್ನಡದಲ್ಲಿ ಭಯದ ಸಾಹಿತ್ಯಕ್ಕೆ ಎರಡೇ ಜಾಗ: ಬಸ್ ನಿಲ್ದಾಣದ ಪುಸ್ತಕದಂಗಡಿ, ಇಲ್ಲವೇ ಮೂಢನಂಬಿಕೆ ಕುರಿತ ಭಾಷಣ. ವಿಮರ್ಶೆ ಅದರ ಗೊಡವೆಗೆ ಹೋದದ್ದು ಕಡಿಮೆ. ನಿಜಕ್ಕೂ ಈ ಕಾದಂಬರಿಯನ್ನು ಬೇರೆಯವರಿಗಿಂತ ಚೆನ್ನಾಗಿ ಓದಬಲ್ಲವರು ಈ ಮೂರು ತಾಲ್ಲೂಕುಗಳ ಜನ.

1897ರ ಮೇ ತಿಂಗಳಲ್ಲಿ ಹಳದಿ ರಟ್ಟಿನಲ್ಲಿ ಪುಸ್ತಕ ಹೊರಬಂದಾಗಲೂ ಓದುಗರಲ್ಲಿ ಒಮ್ಮತವಿರಲಿಲ್ಲ. ಲಂಡನ್ನಿನ ‘ಡೈಲಿ ಮೇಲ್’ ಮೆಚ್ಚಿ ಬರೆಯಿತು. ‘ಅಥೀನಿಯಂ’ ಪತ್ರಿಕೆಗೆ ಅದರ ಕಟ್ಟೋಣವೂ ಹಿಡಿಸಲಿಲ್ಲ, ಸಾಹಿತ್ಯಗುಣವೂ ಕಾಣಲಿಲ್ಲ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅದೇ ಆಗಸ್ಟಿನಲ್ಲಿ ಸ್ಟೋಕರನಿಗೆ ಮೆಚ್ಚುಗೆಯ ಪತ್ರ ಬರೆದ. ತಾಯಿ ಷಾರ್ಲಟ್ ಮಗನ ಪುಸ್ತಕವನ್ನು ‘ಫ್ರಾಂಕನ್‌ಸ್ಟೈನ್’ ಸಾಲಿಗೆ ಸೇರಿಸಿದಳು. ಹೊಗಳಿಕೆಯಿಂದ ಜೇಬೇನೂ ತುಂಬಲಿಲ್ಲ. 1912ರಲ್ಲಿ ಸ್ಟೋಕರ್ ತೀರಿಕೊಂಡಾಗ ಅವನು ಶ್ರೀಮಂತನಾಗಿರಲಿಲ್ಲ.

ಆ ಓದುಗರನ್ನು ಬೆಚ್ಚಿಸಿದ ಸಾಮಗ್ರಿ ಮಲೆನಾಡಿಗೆ ಹೊಸದಲ್ಲ. ಬಾವಲಿಯೆಂದರೆ ಇಲ್ಲಿ ಅಡಿಕೆ ತೋಟಕ್ಕೆ ಬಂದು ಹಣ್ಣಡಿಕೆಯ ಸಿಪ್ಪೆ ಚೀಪಿ ಬೀಜ ಬೀಳಿಸಿ ಹೋಗುವ ಪ್ರಾಣಿ. ರಕ್ತ ಕುಡಿಯುವುದನ್ನಂತೂ ಜನ ರಾತ್ರಿಯಿಡೀ ಕೂತು ನೋಡಿದ್ದಾರೆ. ಯಕ್ಷಗಾನದ ‘ದೇವಿ ಮಹಾತ್ಮೆ’ಯ ರಕ್ತಬೀಜ ರಂಗಸ್ಥಳಕ್ಕೆ ಬಂದರೆ ನಿದ್ದೆಗೆ ಜಾರಿದ ಮಕ್ಕಳೂ ಎದ್ದು ಕೂರುತ್ತವೆ. ದುಶ್ಶಾಸನನ ನೆತ್ತರು ಕುಡಿದ ಭೀಮ ಕುಮಾರವ್ಯಾಸನ ಓದಿನಲ್ಲಿ ನಾಯಕನೇ ಹೊರತು ಪಿಶಾಚಿಯಲ್ಲ. ಇನ್ನು ಮಳೆಗಾಲದಲ್ಲಿ ಸೊಪ್ಪಿನ ಬೆಟ್ಟ ಹತ್ತಿ ಇಳಿದವರ ಕಾಲಿನ ಉಂಬಳವಿದೆ. ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ. ಪೆಟ್ಟಿಗೆಯಲ್ಲಿ ಮಲಗಿದ ಕೌಂಟನನ್ನು ಕಂಡ ಕೋಟೆಯ ಅತಿಥಿ ಜೊನಾಥನ್ ಹಾರ್ಕರನಿಗೆ ನೆನಪಾಗುವುದೂ ರಕ್ತ ಹೀರಿ ಉಬ್ಬಿದ ಜಿಗಣೆಯೇ. ಇಂಗ್ಲೆಂಡಿನ ವಕೀಲನಿಗೆ ಅದು ಅಸಹ್ಯದ ಪರಮಾವಧಿ. ತೀರ್ಥಹಳ್ಳಿಯ ಕಡೆಯವರು ಒಂದು ಚಿಟಿಕೆ ಸುಣ್ಣ ಹಾಕಿ ಮುಂದೆ ಹೋಗುತ್ತಾರೆ.

ಹೊಸ್ತಿಲಿನ ವಿಷಯಕ್ಕೆ ಬಂದರೆ ಮಾತು ಬೇರೆ. ಮನೆಯವರು ಯಾರಾದರೂ ಕರೆಯದೆ ಮೊದಲ ಸಲ ಆ ಮನೆಯೊಳಗೆ ಕಾಲಿಡಲು ರಕ್ತಪಿಶಾಚಿಗೆ ಆಗದು ಎನ್ನುತ್ತಾನೆ ಕಾದಂಬರಿಯ ವೈದ್ಯ ವ್ಯಾನ್ ಹೆಲ್ಸಿಂಗ್. ತೊಂಬತ್ತರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಎಂದು ಬರೆದಿದ್ದು ಆಗ ಶಾಲೆಗೆ ಹೋಗುತ್ತಿದ್ದವರಿಗೆಲ್ಲ ನೆನಪಿದೆ. ರಾತ್ರಿ ಪರಿಚಿತರ ದನಿಯಲ್ಲಿ ಕೂಗಿ ಕರೆಯುವ ದೆವ್ವ ಬರಹ ಓದಿ ವಾಪಸಾಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ ಎಂಬ ಲೆಕ್ಕಾಚಾರ. ಈ ಸುದ್ದಿ ಹಬ್ಬಿಸಿದವರು ಸ್ಟೋಕರನನ್ನು ಓದಿರಬೇಕಾದ ಅಗತ್ಯವೇ ಇಲ್ಲ. ಹೊರಗಿನದು ಒಳಗೆ ಬರಲು ಒಳಗಿನವರ ಒಪ್ಪಿಗೆ ಬೇಕು ಎಂಬ ತಿಳಿವಳಿಕೆ ಎರಡೂ ಕಡೆ ತಾನಾಗಿ ಬೆಳೆದಿದೆ.

ಇಷ್ಟಕ್ಕೂ ‘ಡ್ರಾಕುಲಾ’ ಕತೆಯ ಬೇರು ಪಿಶಾಚಿಯಲ್ಲಿ ಇಲ್ಲ, ರೋಗದಲ್ಲಿದೆ. ಸ್ಟೋಕರನ ತಾಯಿ 1832ರಲ್ಲಿ ಐರ್ಲೆಂಡಿನ ಸ್ಲೈಗೊ ಪಟ್ಟಣದಲ್ಲಿ ಕಾಲರಾ ಕಂಡವಳು. ಜೀವ ಹೋಗುವ ಮೊದಲೇ ಜನರನ್ನು ಹೂಳಿದ ಆ ದಿನಗಳ ಕತೆಯನ್ನು ಮಗನಿಗೆ ಹೇಳಿದ್ದಳು, ಅವನು ಕೇಳಿದ್ದರಿಂದ ಬರೆದೂ ಕೊಟ್ಟಳು. ಕಾದಂಬರಿಗಾಗಿ ಸ್ಟೋಕರ್ ಮಾಡಿಕೊಂಡ ಟಿಪ್ಪಣಿಗಳ ನಡುವೆ 1896ರ ಅಮೆರಿಕನ್ ಪತ್ರಿಕೆಯ ತುಣುಕೊಂದು ಇದೆ. ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಹೆಣ ಅಗೆದು ಹೃದಯ ಸುಡುವ ಪದ್ಧತಿಯ ವರದಿ ಅದು. ಅಲ್ಲಿನ ರೋಡ್ ಐಲೆಂಡಿನ ಎಕ್ಸೆಟರ್ ಎಂಬಲ್ಲಿ 1892ರ ಜನವರಿಯಲ್ಲಿ ಮರ್ಸಿ ಬ್ರೌನ್ ಎಂಬ ತರುಣಿ ಕ್ಷಯದಿಂದ ಸತ್ತಳು. ಅದಕ್ಕೆ ಮೊದಲೇ ತಾಯಿ, ಅಕ್ಕ ಸತ್ತಿದ್ದರು, ಅಣ್ಣ ಕೃಶವಾಗುತ್ತಿದ್ದ. ಸತ್ತವರೇ ಬದುಕಿದವರ ರಕ್ತ ಹೀರುತ್ತಿದ್ದಾರೆಂದು ನೆರೆಹೊರೆಯವರು ಮಾರ್ಚಿನಲ್ಲಿ ಹೆಣ ತೆಗೆಸಿದರು. ಹೃದಯ ಸುಟ್ಟು ಅದರ ಬೂದಿಯನ್ನು ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ತೀರಿಕೊಂಡ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲೇ ಗುರುತಿಸಿಯಾಗಿತ್ತು.

ಆ ಹಳ್ಳಿಯವರನ್ನು ಮೂಢರೆಂದು ನಗುವುದು ಸುಲಭ. ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸೊರಗುತ್ತಾರೆ, ಸತ್ತವರಿಂದ ಏನೋ ಒಂದು ಬದುಕಿದವರಿಗೆ ದಾಟುತ್ತದೆ ಎಂದು ಅವರು ಗಮನಿಸಿದ್ದು ಸುಳ್ಳಲ್ಲ. ತಪ್ಪಿದ್ದು ಆ ದಾಟುವ ವಸ್ತುವಿಗೆ ಹೆಸರಿಡುವಲ್ಲಿ, ಅದಕ್ಕೆ ಮಾಡಿದ ಮದ್ದಿನಲ್ಲಿ. ‘ಡ್ರಾಕುಲಾ’ ನಿಂತಿರುವುದೇ ಈ ಅಂತರದ ಮೇಲೆ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಇದರ ಪಕ್ಕದಲ್ಲಿಟ್ಟು ನೋಡಬಹುದು. ಶಿವಮೊಗ್ಗೆಗೆ ಹೋಗಿ ಜ್ವರ ಹಿಡಿಸಿಕೊಂಡು ಬಂದ ನಾರಣಪ್ಪ ಸಾಯುತ್ತಾನೆ. ಹೆಣಕ್ಕೆ ಬೆಂಕಿ ಕೊಡುವವರಿಲ್ಲ. ಅಗ್ರಹಾರದ ಜನ ಅವನ ಪ್ರೇತಕ್ಕೆ ಹೆದರುತ್ತಾರೆ, ಇತ್ತ ಇಲಿಗಳು ಸಾಯುತ್ತವೆ, ರಣಹದ್ದುಗಳು ಬಂದು ಮಾಡಿನ ಮೇಲೆ ಕೂರುತ್ತವೆ. ಬ್ರಾಹ್ಮಣರು ಧರ್ಮಶಾಸ್ತ್ರದಲ್ಲಿ ಉತ್ತರ ಹುಡುಕುತ್ತಿರುವಾಗ ಓದುಗನಿಗೆ ಪ್ಲೇಗ್ ಕಾಣಿಸುತ್ತದೆ. ಈ ಪುಸ್ತಕವನ್ನು ಕನ್ನಡದಲ್ಲಿ ಯಾರೂ ಭಯದ ಕಾದಂಬರಿ ಎಂದು ಕರೆಯುವುದಿಲ್ಲ. ಕರೆದರೆ ಅದಕ್ಕೆ ಅವಮಾನವೇನೂ ಆಗದು.

ಪುಸ್ತಕದಾಚೆಗೂ ಇದೇ ಕತೆ ಈ ನೆಲದಲ್ಲಿ ನಡೆದಿದೆ. ಸಾಗರಕ್ಕೆ ಹೊಂದಿಕೊಂಡ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನ ಜ್ವರಕ್ಕೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗದ ದೇಹದಿಂದ ಹೊಸ ವೈರಾಣುವನ್ನು ಬೇರ್ಪಡಿಸಿದರು. ಅದನ್ನು ಹೊತ್ತು ತಿರುಗುವುದು ಉಣುಗು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದಿರುವಾಗಲೇ ತರಗೆಲೆ ಗುಡಿಸುವವರ, ಸೊಪ್ಪು-ಸೌದೆಗೆ ಹೋದವರ ಮೈಗೆ ಹತ್ತುತ್ತದೆ, ರಕ್ತ ಹೀರುತ್ತದೆ, ಸದ್ದಿಲ್ಲದೆ ಕಾಯಿಲೆ ಬಿಟ್ಟು ಹೋಗುತ್ತದೆ. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ ಒಸರುತ್ತದೆ. ಕಾಯಿಲೆ ಬಿದ್ದ ನೂರರಲ್ಲಿ 3ರಿಂದ 5 ಜನ ಸಾಯುತ್ತಾರೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಮಂಗನ ಕಾಯಿಲೆ ಕಾಣಿಸಿಕೊಂಡು ಮರುವರ್ಷದ ಬೇಸಿಗೆಯವರೆಗೆ ಹಲವರನ್ನು ಬಲಿ ತೆಗೆದುಕೊಂಡಿತು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ಕಾಡಿಗೆ ಹೋಗುವವರಿಗೆ ಸದ್ಯ ಉಳಿದಿರುವುದು ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ, ಮೈ ಮುಚ್ಚುವ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ.

1982–83ರಲ್ಲಿ ಇದೇ ರೋಗ ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿಗೆ ಇಳಿದಾಗ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅಲ್ಲಿನ ಜನರ ಮಾತುಗಳನ್ನು ದಾಖಲಿಸಿದರು. ಗೇರು ತೋಟಕ್ಕಾಗಿ ಕಾಡು ಕಡಿದಿದ್ದರು. ದೈವ ಮುನಿದಿದೆ ಎಂಬುದು ಜನರ ವಿವರಣೆಯಾಗಿತ್ತು. ವೈದ್ಯವಿಜ್ಞಾನ ದೈವವನ್ನು ಒಪ್ಪಲಿಲ್ಲ, ಆದರೆ ಕಾಡು ಕಡಿದದ್ದಕ್ಕೂ ಕಾಯಿಲೆಗೂ ನಂಟಿದೆ ಎಂಬುದನ್ನು ಅದೂ ಹೇಳಿತು. ಗಮನಿಸಿದ್ದು ಸರಿ, ಹೆಸರಿಟ್ಟದ್ದು ಬೇರೆ. ಎಕ್ಸೆಟರಿನಲ್ಲಿ ಆದದ್ದೂ ಇದೇ, ಆದರೆ ಅಲ್ಲಿ ಅದು ಒಂದು ಜೀವವನ್ನೂ ಉಳಿಸಲಿಲ್ಲ.

ಈ ಕಣ್ಣಿನಿಂದ ನೋಡಿದರೆ ‘ಡ್ರಾಕುಲಾ’ದಲ್ಲಿ ಗಮನ ಸೆಳೆಯುವವರೇ ಬೇರೆ. ಟ್ರಾನ್ಸಿಲ್ವೇನಿಯಾದ ಬಿಸ್ಟ್ರಿಟ್ಸ್ ಪಟ್ಟಣದ ಹೋಟೆಲಿನ ಮುದುಕಿ ಮಂಡಿಯೂರಿ ಜೊನಾಥನನನ್ನು ಹೋಗಬೇಡವೆಂದು ಬೇಡುತ್ತಾಳೆ, ಕೊರಳಿಗೆ ಶಿಲುಬೆ ಹಾಕುತ್ತಾಳೆ. ಅವನಿಗೆ ಅದು ನಗೆಪಾಟಲು. ಕಾದಂಬರಿಯಲ್ಲಿ ಗೆಲ್ಲುವುದು ಮುದುಕಿಯ ಮಾತು; ಕೋಟೆಯಲ್ಲಿ ಅವನ ಜೀವ ಉಳಿಸುವುದೂ ಆ ಶಿಲುಬೆ. ಆದರೂ ಆ ಮುದುಕಿಗೆ ಹೆಸರಿಲ್ಲ, ಮತ್ತೆ ಅವಳು ಬರುವುದೂ ಇಲ್ಲ. ಸ್ಟೋಕರ್ ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನಲ್ಲ. ಗ್ರಂಥಾಲಯಗಳಲ್ಲಿ ಕೂತು, ವಿಟ್‌ಬಿ ಊರಿನಲ್ಲಿ ವಿಲ್ಕಿನ್ಸನ್ ಎಂಬವನ 1820ರ ಪುಸ್ತಕದಿಂದ ಡ್ರಾಕುಲಾ ಎಂಬ ಹೆಸರು ಹೆಕ್ಕಿ, ಕಾಡಿನ ಜನರನ್ನು ದೂರದಿಂದಲೇ ಬರೆದ. ರುಮೇನಿಯನ್ ಭಾಷೆಗೆ ಅನುವಾದ ಬಂದದ್ದು 1990ರಲ್ಲಿ. ತಮ್ಮ ನಾಡಿನ ಹೆಸರಿನಲ್ಲಿ ಲೋಕವೆಲ್ಲ ಹೆದರಿದ ಕತೆಯನ್ನು ತಮ್ಮ ಭಾಷೆಯಲ್ಲಿ ಓದಲು ಅಲ್ಲಿನವರು ಒಂದು ಶತಮಾನದಷ್ಟು ಕಾಯಬೇಕಾಯಿತು.

ಕುಪ್ಪಳಿಯ ಕುವೆಂಪು ಮಾಡಿದ್ದು ಸ್ಟೋಕರ್ ಮಾಡಿದ್ದರ ತಿರುಗುಮುರುಗು. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ವಿವೇಕಾನಂದರ ಷಿಕಾಗೊ ಭಾಷಣದ ಪ್ರಸ್ತಾಪ ಬರುತ್ತದೆ. ಕತೆಯ ಕಾಲ 1893ರ ಆಸುಪಾಸು. ಸ್ಟೋಕರ್ ತನ್ನ ಕತೆಯ ದಿನಾಂಕಗಳನ್ನು ಹೊಂದಿಸಿಕೊಂಡದ್ದೂ 1893ರ ಕ್ಯಾಲೆಂಡರಿನ ಮೇಲೆ ಎಂಬುದು ಅವನ ಟಿಪ್ಪಣಿಗಳಿಂದ ತಿಳಿಯುತ್ತದೆ. ಅಲ್ಲಿ ಟೈಪ್‌ರೈಟರ್, ಫೋನೋಗ್ರಾಫ್, ತಂತಿ ಹಿಡಿದು ಲಂಡನ್ನಿನವರು ಕಾಡಿನ ಭೂತವನ್ನು ಬೇಟೆಯಾಡುತ್ತಾರೆ. ಇಲ್ಲಿ ಪಾದ್ರಿಯ ಬೈಸಿಕಲ್ಲನ್ನು ಕಂಡು ಮೇಗರವಳ್ಳಿ ಸೀಮೆಯ ಜನ ಬೆರಗಾಗುತ್ತಾರೆ, ದೆವ್ವಕ್ಕೂ ಹೆದರುತ್ತಾರೆ, ನಗುತ್ತಾರೆ, ಪ್ರೀತಿಸುತ್ತಾರೆ. ಇವರಿಗೆಲ್ಲ ಹೆಸರಿದೆ. ಆಳು ಗುತ್ತಿಯ ನಾಯಿಗೂ ಇದೆ.

ಹಾಗೆಂದು ಸ್ಟೋಕರನನ್ನು ತಳ್ಳಿಹಾಕಬೇಕಿಲ್ಲ. ಅವನ ಪಾತ್ರಗಳಿಗೆ ಒಂದು ಒಳ್ಳೆಯ ಚಾಳಿಯಿದೆ: ಕಂಡದ್ದನ್ನೆಲ್ಲ ಬರೆದಿಡುವುದು. ಡೈರಿ, ಪತ್ರ, ಪತ್ರಿಕೆಯ ವರದಿ, ಹಡಗಿನ ದಿನಚರಿ ಎಲ್ಲವನ್ನೂ ಜೊನಾಥನನ ಹೆಂಡತಿ ಮೀನಾ ತಾರೀಖಿನ ಪ್ರಕಾರ ಟೈಪು ಮಾಡಿ ಜೋಡಿಸುತ್ತಾಳೆ. ಕೌಂಟ್ ಬಂದು ಕಾಗದಗಳನ್ನು ಸುಟ್ಟರೂ ಇನ್ನೊಂದು ಪ್ರತಿ ತಿಜೋರಿಯಲ್ಲಿ ಭದ್ರವಾಗಿರುತ್ತದೆ. ಭಯಕ್ಕೆ ಇವರು ಕಂಡುಕೊಂಡ ಮದ್ದು ಬೆಳ್ಳುಳ್ಳಿಗಿಂತ ಹೆಚ್ಚಾಗಿ ದಾಖಲೆ. ಯಾವ ಕಾನಿನಲ್ಲಿ ಎಂದು ಮಂಗ ಸತ್ತು ಬಿತ್ತು ಎಂಬ ಸುದ್ದಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಮುಟ್ಟುವುದರಲ್ಲಿ ಜೀವದ ಪ್ರಶ್ನೆ ಇರುವ ಕಡೆ ಇದು ಬರೀ ಕತೆಯ ಮಾತಲ್ಲ.

ಅದೇ ಪುಸ್ತಕದಲ್ಲಿ ವಿಜ್ಞಾನದ ಕುರುಡೂ ಇದೆ. ಕೌಂಟ್ ರಕ್ತ ಹೀರಿ ಸೊರಗಿಸಿದ, ಮೀನಾಳ ಗೆಳತಿ ಲೂಸಿಗೆ ನಾಲ್ವರು ಗಂಡಸರು ಸಾಲಾಗಿ ರಕ್ತ ಕೊಡುತ್ತಾರೆ, ಯಾರ ಗುಂಪು ಯಾವುದೆಂದು ಕೇಳುವವರಿಲ್ಲ. ರಕ್ತದ ಗುಂಪುಗಳನ್ನು ಲ್ಯಾಂಡ್‌ಸ್ಟೈನರ್ ಗುರುತಿಸಿದ್ದು ನಂತರ, 1901ರಲ್ಲಿ. ಇಂದಿನ ಪಿಯುಸಿ ಹುಡುಗಿಯೂ ಅವಳನ್ನು ಕೊಂದದ್ದು ಕೌಂಟನೋ ವೈದ್ಯರೋ ಎಂದು ಕೇಳಬಲ್ಲಳು. ಬೆಳ್ಳುಳ್ಳಿ ಹೂವಿನ ಹಾರವನ್ನು ಕಿತ್ತೆಸೆದು ಕಿಟಕಿ ತೆರೆದ ಲೂಸಿಯ ತಾಯಿಗೆ ಯಾರೂ ನಿಜಸಂಗತಿ ತಿಳಿಸಿರಲಿಲ್ಲ ಎಂಬುದನ್ನೂ ಆ ಹುಡುಗಿ ಗುರುತಿಸಿಯಾಳು. ಆರೋಗ್ಯ ಇಲಾಖೆಯವರು ಊರಿಗೆ ಬಂದು ತೈಲದ ಬಾಟಲಿ ಕೊಟ್ಟು, ಯಾತಕ್ಕೆಂದು ವಿವರಿಸದೆ ಹೋದರೆ ಏನಾಗುತ್ತದೆ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದು ಕಷ್ಟ.

ಇಂಥ ಓದಿಗೆ ಈ ಸೀಮೆಯಲ್ಲಿ ಜಾಗದ ಕೊರತೆಯಿಲ್ಲ. ನೀನಾಸಂ ರಂಗಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣನವರ ಹೆಗ್ಗೋಡು, ಹಳ್ಳಿಯ ಜನರ ಮುಂದೆ ಲೋಕದ ಸಿನಿಮಾಗಳನ್ನಿಟ್ಟು ಚರ್ಚಿಸಿದ ಊರು; ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಇವತ್ತಿಗೂ ಓದುಗರು ಬರುತ್ತಾರೆ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಾಲೇಜುಗಳಲ್ಲಿ ಇಂಗ್ಲಿಷ್ ಮತ್ತು ಕನ್ನಡ ವಿಭಾಗಗಳು ಕೂಡಿ ‘ಡ್ರಾಕುಲಾ’, ‘ಸಂಸ್ಕಾರ’, ‘ಮದುಮಗಳು’ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಒಂದು ಸೆಮಿಸ್ಟರ್ ಓದಿಸಬಹುದು. ಚರ್ಚೆಗೆ ವಿಮರ್ಶಕರ ಜೊತೆ ಅರಳಗೋಡಿನ ಆಶಾ ಕಾರ್ಯಕರ್ತೆಯರನ್ನೂ, ಜಿಲ್ಲೆಯ ವೈರಸ್ ಪ್ರಯೋಗಾಲಯದವರನ್ನೂ ಕರೆಯಬೇಕು. ಮೊದಲ ದಿನವೇ ವಿದ್ಯಾರ್ಥಿಗಳು ತಂತಮ್ಮ ಮನೆಯ ಹಿರಿಯರಿಂದ ಜ್ವರದ, ಸತ್ತ ಮಂಗದ, ‘ನಾಳೆ ಬಾ’ದ ನೆನಪುಗಳನ್ನು ತಾರೀಖು ಹಾಕಿ ಬರೆದು ತರಲಿ. ಕಾದಂಬರಿಯ ಓದು ಅಲ್ಲಿಂದ ಶುರುವಾಗಲಿ.