ಬಿಯರ್ ಕ್ಯಾನ್ ಹಿಡಿದ ಆ ಕೈ: ಆಂಡ್ರೆ ದಿ ಜೈಂಟ್ ಅಷ್ಟು ದೊಡ್ಡವರಾದದ್ದು ಹೇಗೆ?

ಒಂದು ಭಾರೀ ಕೈ. ಅದರೊಳಗೆ ಆಟಿಕೆಯಂತೆ ಕಾಣುವ ಒಂದು ಬಿಯರ್ ಕ್ಯಾನ್. ಈ ಫೋಟೊ ಎಂದಾದರೂ ನಿಮ್ಮ ಮೊಬೈಲಿಗೂ ಬಂದಿರಬಹುದು. ನೋಡಿದವರು ಮೊದಲು ಕೇಳುವುದು "ಇದು ಎಡಿಟ್ ಮಾಡಿದ್ದಾ?" ಎಂದು. ಅಲ್ಲ, ಫೋಟೊ ಅಸಲಿ. ಅಮೆರಿಕದ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಗಾಗಿ 1981ರಲ್ಲಿ ತೆಗೆದದ್ದು. ಕೈ ಕುಸ್ತಿಪಟು ಆಂಡ್ರೆ ದಿ ಜೈಂಟ್ ಅವರದು.

ಇಂಥ ಫೋಟೊಗಳ ಕೆಳಗೆ ಅಂಟಿಕೊಂಡು ಬರುವ ಬರಹದ್ದೇ ತೊಂದರೆ. ಹಳ್ಳಿಯ ಹಾಲು, ಹೊಲದ ದುಡಿಮೆ, ಹಿಂದಿನ ಕಾಲದ ಊಟ, "ಆ ಕಾಲದವರ ಮೈಕಟ್ಟೇ ಬೇರೆ" ಎಂಬ ಧಾಟಿ. ಆಂಡ್ರೆ ಹಳ್ಳಿಯವರು, ಹೊಲದಲ್ಲಿ ದುಡಿದವರು, ಅದು ನಿಜ. ಆದರೆ ಆ ಕೈ ಹಾಗಾದದ್ದು ಹಾಲಿನಿಂದಲ್ಲ. ಅದು ಒಂದು ಕಾಯಿಲೆಯ ಗುರುತು. ಆ ಕಾಯಿಲೆಯ ಚಿಕ್ಕ ರೂಪಗಳು ನಮ್ಮ ನಡುವೆಯೂ ಇರುತ್ತವೆ, ಎಷ್ಟೋ ವರ್ಷ ಯಾರ ಗಮನಕ್ಕೂ ಬರುವುದಿಲ್ಲ. ಅದಕ್ಕಾಗಿಯೇ ಈ ಲೇಖನ.

ಆಂಡ್ರೆ ರೂಸಿಮಾಫ್ ಹುಟ್ಟಿದ್ದು 1946ರ ಮೇ 19ರಂದು, ಫ್ರಾನ್ಸಿನಲ್ಲಿ, ಪ್ಯಾರಿಸ್ಸಿನ ಪೂರ್ವಕ್ಕಿರುವ ಕುಲೊಮಿಯೆ ಎಂಬಲ್ಲಿ. ತಂದೆ ಬಲ್ಗೇರಿಯಾದವರು, ತಾಯಿ ಪೋಲೆಂಡಿನವರು. ಮನೆಯಲ್ಲಿ ಬೇರೆ ಯಾರಿಗೂ ಇಂಥ ಗಾತ್ರ ಇರಲಿಲ್ಲ. ಎಂಟನೇ ತರಗತಿ ಮುಗಿಸಿ ಹುಡುಗ ಓದು ಬಿಟ್ಟ, ಹೊಲಕ್ಕೆ ಇಳಿದ.

ಇವರ ಬಾಲ್ಯದ ಬಗ್ಗೆ ಒಂದು ಕಥೆ ಇಂಗ್ಲಿಷ್ ಫಾರ್ವರ್ಡ್‌ಗಳಲ್ಲಿ ತಪ್ಪದೆ ಬರುತ್ತದೆ: ಹುಡುಗ ಎಷ್ಟು ದೊಡ್ಡವನಿದ್ದನೆಂದರೆ ಶಾಲೆಯ ಬಸ್ಸಿನಲ್ಲಿ ಹಿಡಿಸುತ್ತಿರಲಿಲ್ಲವಂತೆ, ಹಾಗಾಗಿ ನೊಬೆಲ್ ಪಡೆದ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ ತಮ್ಮ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರಂತೆ. ಇದರಲ್ಲಿ ಅರ್ಧ ನಿಜ. ಬೆಕೆಟ್ ಆ ಭಾಗದಲ್ಲಿ ಮನೆ ಮಾಡಿಕೊಂಡಿದ್ದರು, ಊರಿನ ಮಕ್ಕಳನ್ನು ಆಗಾಗ ಶಾಲೆಗೆ ಬಿಡುತ್ತಿದ್ದರು. ಆ ಮಕ್ಕಳಲ್ಲಿ ಆಂಡ್ರೆ ಮತ್ತು ಅವರ ಒಡಹುಟ್ಟಿದವರೂ ಇದ್ದರು. ಬಸ್ಸಿನಲ್ಲಿ ಹಿಡಿಸದ ದೈತ್ಯ ಮಗು ಎನ್ನುವುದು ಆಮೇಲೆ ಸೇರಿದ ಒಗ್ಗರಣೆ. ದೇಹ ವಿಪರೀತ ಬೆಳೆದದ್ದು ಹದಿಹರೆಯದಲ್ಲಿ.

ಆಗ ಏನಾಯಿತು ಎಂದು ತಿಳಿಯಲು ತಲೆಯೊಳಗೆ ಇಣುಕಬೇಕು. ಮೆದುಳಿನ ಅಡಿಯಲ್ಲಿ, ಮೂಗಿನ ಹಿಂಭಾಗದ ನೇರಕ್ಕೆ, ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಬೆಳವಣಿಗೆಯ ಹಾರ್ಮೋನು ಬರುವುದು ಅಲ್ಲಿಂದ. ಈ ಗ್ರಂಥಿಯಲ್ಲಿ ಒಂದು ಚಿಕ್ಕ ಗಡ್ಡೆ ಎದ್ದರೆ ಹಾರ್ಮೋನು ಅಳತೆ ಮೀರಿ ಸುರಿಯುತ್ತದೆ. ಗಡ್ಡೆ ಎಂದ ಕೂಡಲೇ ಹೆದರಬೇಡಿ, ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೂ ಮಾಡುವ ಹಾನಿ ಕಡಿಮೆಯೇನಲ್ಲ.

ಉದ್ದ ಮೂಳೆಗಳ ತುದಿಯಲ್ಲಿ ಮಕ್ಕಳಿಗೆ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಎತ್ತರ ಹೆಚ್ಚುವುದು ಅಲ್ಲಿಂದಲೇ. ಪ್ರಾಯ ಬಂದ ಮೇಲೆ ಆ ಪದರ ಗಟ್ಟಿ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚುವ ಮೊದಲೇ ಹಾರ್ಮೋನು ಹೆಚ್ಚಾದರೆ ಮನುಷ್ಯ ಮಿತಿಯಿಲ್ಲದೆ ಉದ್ದ ಬೆಳೆಯುತ್ತಾನೆ. ಇದಕ್ಕೆ ದೈತ್ಯತೆ ಎನ್ನುತ್ತಾರೆ. ಮುಚ್ಚಿದ ಮೇಲೆ ಹೆಚ್ಚಾದರೆ ಎತ್ತರ ಏರುವುದಿಲ್ಲ. ಕೈ, ಪಾದ, ದವಡೆ, ಮೂಗು, ನಾಲಗೆ ದಪ್ಪವಾಗುತ್ತಾ ಹೋಗುತ್ತವೆ. ಇದು ಅಕ್ರೋಮೆಗಲಿ. ಪಿಯರ್ ಮಾರಿ ಎಂಬ ಫ್ರೆಂಚ್ ವೈದ್ಯ 1886ರಲ್ಲಿ ಕೊಟ್ಟ ಹೆಸರು. ಆಂಡ್ರೆ ಅವರಿಗೆ ಎರಡೂ ಆಗಿದ್ದವು: ಮೊದಲು ಉದ್ದ, ಆಮೇಲೆ ದಪ್ಪ. ಫೋಟೊದಲ್ಲಿ ಕಾಣುವ ಬೆರಳುಗಳು ಈ ಎರಡನೆಯ ಹಂತದವು.

ಹಾರ್ಮೋನು ಹೊರಗೆ ಕಾಣುವ ಭಾಗಗಳನ್ನು ಮಾತ್ರ ಬೆಳೆಸಿ ಸುಮ್ಮನಾಗುವುದಿಲ್ಲ. ಹೃದಯದ ಮಾಂಸವೂ ದಪ್ಪಗಾಗುತ್ತದೆ, ಕೀಲು ಸವೆಯುತ್ತದೆ, ರಕ್ತದೊತ್ತಡ ಮತ್ತು ಸಕ್ಕರೆ ಏರುತ್ತವೆ. ಗಾತ್ರ ಇದ್ದಲ್ಲಿ ಆರೋಗ್ಯ ಇದೆ ಎಂದು ನಂಬುವ ನಮಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ.

ಪ್ಯಾರಿಸ್ಸಿನಲ್ಲಿ ಕುಸ್ತಿ ಕಲಿತ ಆಂಡ್ರೆ ಜಪಾನ್, ಕೆನಡಾ ಸುತ್ತಿ 1973ರಲ್ಲಿ ನ್ಯೂಯಾರ್ಕಿಗೆ ಬಂದರು. ಏಳು ಅಡಿ ನಾಲ್ಕು ಇಂಚು, 520 ಪೌಂಡ್ (ಸುಮಾರು 236 ಕಿಲೊ) ಎಂದು ಪ್ರಚಾರ. ವೃತ್ತಿಪರ ಕುಸ್ತಿಯಲ್ಲಿ ಎತ್ತರವನ್ನು ಒಂದೆರಡು ಇಂಚು ಏರಿಸಿಯೇ ಹೇಳುವುದು ವಾಡಿಕೆ. "15 ವರ್ಷ ಸೋಲನ್ನೇ ಕಾಣಲಿಲ್ಲ" ಎನ್ನುವುದೂ ಪ್ರಚಾರವೇ. 1984ರಲ್ಲಿ ಮೆಕ್ಸಿಕೊದ ಕಾನೆಕ್ ಎದುರು, 1986ರಲ್ಲಿ ಜಪಾನಿನ ಆಂಟೋನಿಯೊ ಇನೋಕಿ ಎದುರು ಅವರು ಸೋತಿದ್ದಾರೆ. ಹೇಗೂ ಈ ಕುಸ್ತಿಯ ಗೆಲುವು ಸೋಲು ಮೊದಲೇ ಗೊತ್ತು ಮಾಡಿದ್ದು. ಬೀಳುವ ಪೆಟ್ಟು ಮಾತ್ರ ಮೈಗೆ ನಿಜವಾಗಿಯೇ ಬೀಳುತ್ತದೆ.

1987ರ ಮಾರ್ಚ್ 29ರಂದು ರೆಸಲ್‌ಮೇನಿಯಾದಲ್ಲಿ ಹಲ್ಕ್ ಹೋಗನ್ ಆಂಡ್ರೆ ಅವರನ್ನು ಎತ್ತಿ ನೆಲಕ್ಕೆ ಹಾಕಿದ ವಿಡಿಯೊ ಈಗಲೂ ಓಡಾಡುತ್ತದೆ. "ಮೊದಲ ಬಾರಿಗೆ ಯಾರೋ ಆಂಡ್ರೆಯನ್ನು ಎತ್ತಿದರು" ಎಂಬ ಮಾತು ತಪ್ಪು, ಹೋಗನ್ ಅವರೇ 1980ರಲ್ಲಿ ಒಮ್ಮೆ ಎತ್ತಿದ್ದರು. ನಿಜವಾಗಿ ಗಮನಿಸಬೇಕಾದ್ದು ಬೇರೆ. ಆ ಹೊತ್ತಿಗೆ ಆಂಡ್ರೆ ಬೆನ್ನಿನ ಶಸ್ತ್ರಚಿಕಿತ್ಸೆ ಆದವರು, ನೋವಿನಲ್ಲಿದ್ದವರು. ವಿಡಿಯೊದಲ್ಲಿ ಅವರು ಹೇಗೆ ನಿಲ್ಲುತ್ತಾರೆ, ಹೇಗೆ ಹಗ್ಗ ಹಿಡಿದುಕೊಳ್ಳುತ್ತಾರೆ ಎಂದು ಒಮ್ಮೆ ನೋಡಿ.

ಅದೇ ವರ್ಷ ತೆರೆಕಂಡದ್ದು ರಾಬ್ ರೈನರ್ ನಿರ್ದೇಶನದ 'ದಿ ಪ್ರಿನ್ಸೆಸ್ ಬ್ರೈಡ್'. ಅದಕ್ಕೂ ಮೊದಲು ಕಿರುತೆರೆಯಲ್ಲಿ ಆಂಡ್ರೆ 'ಬಿಗ್‌ಫುಟ್' ಎಂಬ ಕಾಡುಪ್ರಾಣಿಯ ವೇಷ ಹಾಕಿದ್ದರು. ಇಲ್ಲಿ ಸಿಕ್ಕಿದ್ದು ಮನುಷ್ಯನ ಪಾತ್ರ, ಫೆಜ಼ಿಕ್ ಎಂಬ ಮೃದು ಮನಸ್ಸಿನ ದೈತ್ಯ. ಅವರ ಸಂಭಾಷಣೆಯನ್ನೆಲ್ಲ ನಿರ್ದೇಶಕರೇ ಟೇಪಿನಲ್ಲಿ ಓದಿಕೊಟ್ಟು ಕಲಿಸಿದರು. ಕಥೆಯ ಪ್ರಕಾರ ಫೆಜ಼ಿಕ್ ಎಲ್ಲರನ್ನೂ ಹೂವಿನಂತೆ ಎತ್ತುವವನು. ಚಿತ್ರೀಕರಣದಲ್ಲಿ ಆಂಡ್ರೆ ನಾಯಕಿ ರಾಬಿನ್ ರೈಟ್ ಅವರನ್ನು ತೋಳಲ್ಲಿ ಹಿಡಿಯಲೂ ಆಗದ ಸ್ಥಿತಿಯಲ್ಲಿದ್ದರು. ನಾಯಕಿಯನ್ನು ಕೇಬಲ್ ಕಟ್ಟಿ ಇಳಿಸಿದರು, ಕಷ್ಟದ ದೃಶ್ಯಗಳಿಗೆ ಡ್ಯೂಪ್ ಬಂದರು. ಚಳಿಯಾದಾಗ ಆಂಡ್ರೆ ತಮ್ಮ ಅಂಗೈಯನ್ನು ಟೊಪ್ಪಿಯಂತೆ ತಲೆಯ ಮೇಲಿಟ್ಟು ಬೆಚ್ಚಗೆ ಮಾಡುತ್ತಿದ್ದರು ಎಂದು ರಾಬಿನ್ ರೈಟ್ ನೆನಪಿಸಿಕೊಂಡಿದ್ದಾರೆ. ಅದೇ ಕೈ.

ಇನ್ನು ಕುಡಿತದ ಕಥೆಗಳು. ಒಂದೇ ಕೂತಿನಲ್ಲಿ 119 ಬಿಯರ್ ಎನ್ನುವವರುಂಟು, 156 ಎನ್ನುವವರೂ ಉಂಟು. ಪಕ್ಕದಲ್ಲಿ ಕುಳಿತು ಯಾರೂ ಲೆಕ್ಕ ಬರೆದಿಟ್ಟದ್ದಲ್ಲ. ತುಂಬಾ ಕುಡಿಯುತ್ತಿದ್ದರು ಎನ್ನುವುದಂತೂ ಹೌದು. ನೋವು ಮರೆಯಲು ಕುಡಿಯುತ್ತಿದ್ದರು ಎಂದು ಜೊತೆಯಲ್ಲಿದ್ದವರು ಹೇಳುವಾಗ, ಅದನ್ನು ದಾಖಲೆಯೆಂದು ಸಂಭ್ರಮಿಸುವ ಫಾರ್ವರ್ಡ್ ನಮಗೆ ಸ್ವಲ್ಪ ಇರುಸುಮುರುಸು ತರಿಸುತ್ತದೆ.

ಆಂಡ್ರೆ ಅವರಿಗೆ ತಮ್ಮ ಕಾಯಿಲೆ ಗೊತ್ತಿತ್ತು. ಮೂಗಿನ ದಾರಿಯಿಂದ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ಆ ಕಾಲದಲ್ಲೂ ಇತ್ತು. ಅವರು ಮಾಡಿಸಿಕೊಳ್ಳಲಿಲ್ಲ. ಮಾಡಿಸಿದ್ದರೂ ಎತ್ತರ ಇಳಿಯುತ್ತಿರಲಿಲ್ಲ, ಮುಂದಿನ ಹಾನಿಗೆ ತಡೆ ಬೀಳುತ್ತಿತ್ತು. 1993ರ ಜನವರಿಯಲ್ಲಿ ತಂದೆ ತೀರಿಕೊಂಡರೆಂದು ಫ್ರಾನ್ಸಿಗೆ ಹೋದ ಆಂಡ್ರೆ, ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲಿ ನಿದ್ದೆಯಲ್ಲೇ ಹೃದಯ ವೈಫಲ್ಯದಿಂದ ತೀರಿಕೊಂಡರು. ವಯಸ್ಸು 46.

ನಮ್ಮ ದೇಶದ ಉದಾಹರಣೆ ನಿಮಗೆ ಗೊತ್ತಿರುವವರೇ: ದಿ ಗ್ರೇಟ್ ಖಲಿ. ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ, ಪಂಜಾಬ್ ಪೊಲೀಸ್‌ನಿಂದ ಕುಸ್ತಿಗೆ, ಅಲ್ಲಿಂದ ಹಾಲಿವುಡ್ ಸಿನಿಮಾ ಮತ್ತು ಬಿಗ್ ಬಾಸ್ ಮನೆಗೆ ಹೋದವರು. ಅವರಿಗೂ ಪಿಟ್ಯುಟರಿ ಗಡ್ಡೆಯೇ. 2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಮತ್ತೆ ಅಖಾಡಕ್ಕೂ ಬಂದರು. ಖಲಿ ಅವರ ಫೋಟೊ ಹಾಕಿ ಎತ್ತರ ಹೆಚ್ಚಿಸುವ ಪುಡಿ ಮಾರುವ ಜಾಹೀರಾತು ಬಂದರೆ ಇದನ್ನು ನೆನಪಿಸಿಕೊಳ್ಳಿ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನ್. ಬಾಯಿಂದ ತೆಗೆದುಕೊಂಡರೆ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ, ಅದಕ್ಕೇ ವೈದ್ಯರು ಇಂಜೆಕ್ಷನ್ ಕೊಡುತ್ತಾರೆ. ಮೂಳೆಯ ಪದರ ಮುಚ್ಚಿದವರಿಗೆ ಅದೂ ಎತ್ತರ ಕೊಡುವುದಿಲ್ಲ.

ಅಕ್ರೋಮೆಗಲಿ ಅಪರೂಪ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಮೂರು ನಾಲ್ಕು ಹೊಸ ರೋಗಿಗಳು. ಆದರೆ ಬದಲಾವಣೆ ಎಷ್ಟು ನಿಧಾನವೆಂದರೆ ದಿನವೂ ನೋಡುವ ಮನೆಯವರಿಗೆ ತಿಳಿಯುವುದೇ ಇಲ್ಲ, ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ. ಮದುವೆಯ ಉಂಗುರ ಬೆರಳಿಗೆ ಏರದು. ವಯಸ್ಸು ನಲವತ್ತಾದರೂ ಚಪ್ಪಲಿಯ ನಂಬರ್ ಏರುತ್ತಿರುತ್ತದೆ. ಹಲ್ಲುಗಳ ನಡುವೆ ಸಂದು, ಗೊರಕೆ, ವಿಪರೀತ ಬೆವರು, ಬಿಡದ ತಲೆನೋವು, ದನಿ ದಪ್ಪವಾಗುವುದು, ಅಕ್ಕಪಕ್ಕದ ನೋಟ ಮಸುಕಾಗುವುದು. ಬರೀ ಉಂಗುರ ಬಿಗಿಯಾದರೆ ತೂಕ ಹೆಚ್ಚಿದ್ದೂ ಕಾರಣವಾಗಿರಬಹುದು. ಇವುಗಳಲ್ಲಿ ಹಲವು ಒಟ್ಟಿಗೆ ಇದ್ದರೆ ಹತ್ತು ವರ್ಷ ಹಿಂದಿನ ಒಂದು ಫೋಟೊ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಇದನ್ನು ನೋಡುವವರು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರು. ಮೊದಲ ಪರೀಕ್ಷೆ ರಕ್ತದ್ದು, ಐಜಿಎಫ್-1 ಎಂದು ಹೆಸರು. ಅದು ಹೆಚ್ಚಿದ್ದರೆ ಗ್ಲೂಕೋಸ್ ನೀರು ಕುಡಿಸಿ ಹಾರ್ಮೋನು ಇಳಿಯುತ್ತದೆಯೇ ಎಂದು ನೋಡುತ್ತಾರೆ, ಆಮೇಲೆ ಎಂಆರ್‌ಐ.